ಟಿಕೆಟ್ ಕೊಡಲಾಗದ ಪಕ್ಷಗಳು: ಅಮೆರಿಕದ ರಾಜಕಾರಣವನ್ನು ಅರ್ಥ ಮಾಡಿಕೊಳ್ಳುವ ಬಗೆ

ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ರಸಾಯನ ವಿಜ್ಞಾನದ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ (ಶ್ರೀ ಎಂಬುದು ಅವರ ಹೆಸರೇ) 2022ರ ನವೆಂಬರ್‌ನಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಅಲ್ಲಿನ ಸಂಸತ್ತಿನ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ನಮ್ಮ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಆ ಗೆಲುವು. ಆದರೆ ಅವರ ಹಣೆಬರಹ ನಿರ್ಧಾರವಾದದ್ದು ಅದಕ್ಕೆ ಮೂರು ತಿಂಗಳು ಮೊದಲು, ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರೇ ಆರಿಸುವ ಆಗಸ್ಟ್ 2ರ ಪ್ರಾಥಮಿಕ ಚುನಾವಣೆಯಲ್ಲಿ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಒಂಬತ್ತು ಮಂದಿ ಕಣದಲ್ಲಿದ್ದರು. ಡೆಟ್ರಾಯಿಟ್ ನಗರದ ಮೇಯರ್ ಸೇರಿದಂತೆ ಹಲವು ಪ್ರಭಾವಿಗಳು ಆಡಂ ಹೋಲಿಯರ್ ಎಂಬ ಕಪ್ಪು ಸಮುದಾಯದ ಯುವ ನಾಯಕನ ಬೆನ್ನಿಗೆ ನಿಂತಿದ್ದರು. ಸುಮಾರು ಏಳು ದಶಕಗಳಿಂದ ಕಪ್ಪು ಜನಾಂಗದ ಪ್ರತಿನಿಧಿಯೊಬ್ಬರನ್ನಾದರೂ ಸಂಸತ್ತಿಗೆ ಕಳಿಸುತ್ತ ಬಂದಿದ್ದ ಆ ನಗರದಲ್ಲಿ ಪರಂಪರೆ ಮುರಿಯಬಾರದೆಂಬ ಕಳಕಳಿ ದೊಡ್ಡದಾಗಿತ್ತು. ಥಾಣೇದಾರ್ ಸ್ವಂತ ದುಡ್ಡನ್ನು ಧಾರಾಳವಾಗಿ ಖರ್ಚು ಮಾಡಿದರು. ಮತಗಳು ಒಂಬತ್ತು ಪಾಲಾಗಿ, ಶೇ 28ರಷ್ಟು ಮತ ಪಡೆದ ಅವರೇ ಪಕ್ಷದ ಅಭ್ಯರ್ಥಿಯಾದರು. ಕ್ಷೇತ್ರವು ಡೆಮಾಕ್ರಟರ ಭದ್ರಕೋಟೆಯಾದ್ದರಿಂದ ನವೆಂಬರ್‌ನ ಫಲಿತಾಂಶದ ಬಗ್ಗೆ ಯಾರಿಗೂ ಹೆಚ್ಚಿನ ಅನುಮಾನ ಉಳಿದಿರಲಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅವರಿಗೆ ಟಿಕೆಟ್ ಕೊಟ್ಟವರು ಯಾರು? ನಮ್ಮಲ್ಲಾದರೆ ಈ ಪ್ರಶ್ನೆಗೆ ಉತ್ತರ ಬೆಂಗಳೂರಿನ ಪಕ್ಷದ ಕಚೇರಿಯಲ್ಲೋ ದೆಹಲಿಯ ಹೈಕಮಾಂಡ್ ಬಳಿಯೋ ಇರುತ್ತದೆ. ಬಿ ಫಾರಂಗೆ ಸಹಿ ಹಾಕುವ ಕೈ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಮೆರಿಕದ ಪಕ್ಷಗಳಿಗೆ ಅಂಥ ಕೈ ಇಲ್ಲ. ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಲಿ, ರಾಜ್ಯ ಘಟಕವಾಗಲಿ, ದೇಶದ ಅಧ್ಯಕ್ಷರೇ ಆಗಲಿ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದ ವ್ಯಕ್ತಿಗೆ ಉಮೇದುವಾರಿಕೆ ಕೊಡುವುದಿಲ್ಲ ಎನ್ನುವಂತಿಲ್ಲ. ಯಾರಾದರೂ ಒಬ್ಬರನ್ನು ಬೆಂಬಲಿಸಬಹುದು, ಹಣ ಕೂಡಿಸಿ ಕೊಡಬಹುದು, ಅಷ್ಟೇ. ಅಮೆರಿಕದ ಪಕ್ಷಗಳ ಕುರಿತು ಉಳಿದುದೆಲ್ಲ, ಅವುಗಳ ದೌರ್ಬಲ್ಯವೂ ಅವುಗಳ ನಡುವಿನ ಕಹಿಯೂ, ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತ ಹೋಗುತ್ತದೆ ಎಂಬುದು ನನ್ನ ತಿಳಿವಳಿಕೆ.

ಪಕ್ಷದ ಸದಸ್ಯ ಎಂಬ ಮಾತಿಗೂ ಅಲ್ಲಿ ಬೇರೆಯೇ ಅರ್ಥವಿದೆ. ಸದಸ್ಯತ್ವದ ಶುಲ್ಕವಿಲ್ಲ, ರಸೀದಿಯಿಲ್ಲ, ಉಚ್ಚಾಟನೆಯೂ ಇಲ್ಲ. ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ತಾನು ಯಾವ ಪಕ್ಷದ ಕಡೆಯವನೆಂದು ಅರ್ಜಿಯಲ್ಲಿ ಗುರುತು ಮಾಡುವ ಅವಕಾಶವಿದೆ. ಆ ಗುರುತೇ ಸದಸ್ಯತ್ವ. ಅದನ್ನು ಇಟ್ಟುಕೊಳ್ಳುವುದು ಸರ್ಕಾರಿ ಕಚೇರಿ, ಪಕ್ಷವಲ್ಲ. ಕೆಲವು ರಾಜ್ಯಗಳಲ್ಲಿ ಹಾಗೆ ಗುರುತು ಮಾಡಿದವರು ಮಾತ್ರ ಆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬಹುದು. ಮಿಷಿಗನ್‌ನಲ್ಲಿ ಆ ಗುರುತೂ ಬೇಕಿಲ್ಲ. ಆಗಸ್ಟ್‌ನ ಮತಪತ್ರದಲ್ಲಿ ಎರಡು ಪಕ್ಷಗಳ ಅಂಕಣಗಳು ಅಕ್ಕಪಕ್ಕದಲ್ಲಿ ಅಚ್ಚಾಗಿರುತ್ತವೆ. ಮತದಾರ ಯಾವ ಅಂಕಣವನ್ನು ಬೇಕಾದರೂ ಆರಿಸಿಕೊಳ್ಳಬಹುದು, ಆದರೆ ಆರಿಸಿದ ಮೇಲೆ ಅದರಲ್ಲೇ ಉಳಿಯಬೇಕು. ಎರಡೂ ಅಂಕಣಗಳಲ್ಲಿ ಗುರುತು ಮಾಡಿದರೆ ಪಕ್ಷಗಳಿಗೆ ಸಂಬಂಧಿಸಿದ ಅಷ್ಟೂ ಭಾಗ ಅಸಿಂಧುವಾಗುತ್ತದೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಕ್ಕು, ಆ ಪಕ್ಷಕ್ಕೆ ನಯಾಪೈಸೆ ಚಂದಾ ಕೊಡದ, ಅದರ ಒಂದು ಸಭೆಗೂ ಹೋಗದ ವ್ಯಕ್ತಿಗೆ ಇದೆ ಎಂಬುದನ್ನು ಜೀರ್ಣಿಸಿಕೊಳ್ಳಲು ನಮಗೆ ಸ್ವಲ್ಪ ಸಮಯ ಬೇಕಾಗುತ್ತದೆ.

ಮೊದಲಿನಿಂದಲೂ ಹೀಗಿರಲಿಲ್ಲ. 1787ರಲ್ಲಿ ರಚನೆಯಾದ ಸಂವಿಧಾನದಲ್ಲಿ ಪಕ್ಷ ಎಂಬ ಪ್ರಸ್ತಾಪವೇ ಇಲ್ಲ. 1796ರಲ್ಲಿ ಅಧಿಕಾರ ಬಿಡುವ ಮುನ್ನ ಜಾರ್ಜ್ ವಾಷಿಂಗ್ಟನ್ ಬರೆದ ವಿದಾಯದ ಪತ್ರದಲ್ಲಿ ಪಕ್ಷಭಾವನೆಯ ಅಪಾಯದ ಬಗ್ಗೆ ಕಟುವಾದ ಎಚ್ಚರಿಕೆ ಇದೆ. ಅಷ್ಟರಲ್ಲಾಗಲೇ ಅವರ ಸಂಪುಟದಲ್ಲಿದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಅವರ ಸುತ್ತ ಎರಡು ಬಣಗಳು ಬಲಿತಿದ್ದವು. ಮುಂದೆ ಪಕ್ಷಗಳು ಬೆಳೆದು ಅಭ್ಯರ್ಥಿಗಳನ್ನು ಆರಿಸುವ ಅಧಿಕಾರ ಸ್ಥಳೀಯ ಧಣಿಗಳ ಕೈಗೆ ಹೋಯಿತು, ಅದರ ಭ್ರಷ್ಟತೆಗೆ ಬೇಸತ್ತ ಸುಧಾರಕರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆಯ ಕಾನೂನು ತಂದರು. ಆದರೂ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯನ್ನು ಬಹುಕಾಲ ಪಕ್ಷದ ಹಿರಿಯರೇ ಗೊತ್ತುಮಾಡುತ್ತಿದ್ದರು. ಆ ಕಾಲ ಮುಗಿದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ದೇಶ ಕುದಿಯುತ್ತಿದ್ದಾಗ, ಒಂದೇ ಒಂದು ಪ್ರಾಥಮಿಕ ಚುನಾವಣೆಯಲ್ಲೂ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು ಷಿಕಾಗೊ ಅಧಿವೇಶನದಲ್ಲಿ ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿಯೆಂದು ಘೋಷಿಸಿತು. ಹೊರಗೆ ಬೀದಿಯಲ್ಲಿ ಪೊಲೀಸರು ಪ್ರತಿಭಟನಕಾರರನ್ನು ಥಳಿಸುತ್ತಿದ್ದುದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಹಂಫ್ರಿ ಸೋತರು. ಬಳಿಕ ಪಕ್ಷವೇ ನೇಮಿಸಿದ ಸಮಿತಿಯೊಂದು ನಿಯಮಗಳನ್ನು ಬದಲಿಸಿತು, 1972ರಿಂದ ಆಯ್ಕೆಯ ಅಧಿಕಾರ ಸಾಮಾನ್ಯ ಮತದಾರರ ಕೈಗೆ ಬಂತು, ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು.

ಇದರ ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ 2016ರ ವರ್ಷವೇ ಸಾಕ್ಷಿ. ಹಿಂದೊಮ್ಮೆ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡಿದ್ದ, ಯಾವ ಚುನಾಯಿತ ಹುದ್ದೆಯನ್ನೂ ಹಿಡಿದಿರದ ಡೊನಾಲ್ಡ್ ಟ್ರಂಪ್ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾದರು. ಅದೇ ಪಕ್ಷದಿಂದ ನಾಲ್ಕು ವರ್ಷಗಳ ಹಿಂದೆ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಮಿಟ್ ರಾಮ್ನಿ ಬಹಿರಂಗವಾಗಿ ವಿರೋಧಿಸಿದರೂ ತಡೆಯಲಾಗಲಿಲ್ಲ. ಅತ್ತ ಪಕ್ಷೇತರ ಸೆನೆಟರ್ ಆಗಿದ್ದ ಬರ್ನಿ ಸ್ಯಾಂಡರ್ಸ್ ಡೆಮಾಕ್ರಟಿಕ್ ಉಮೇದುವಾರಿಕೆಗೆ ಇಳಿದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಗೆದ್ದರು. ನಮ್ಮಲ್ಲಿ ಹೊಸ ವಿಚಾರದವರು ಹೊಸ ಪಕ್ಷ ಕಟ್ಟುತ್ತಾರೆ. ಅಲ್ಲಿ ಹಳೆಯ ಪಕ್ಷದ ಮನೆಯೊಳಕ್ಕೇ ನುಗ್ಗಿ ಯಜಮಾನಿಕೆ ಹಿಡಿಯಲು ನೋಡುತ್ತಾರೆ. ಹಿರಿಯರ ಮಾತು ಸಂಪೂರ್ಣ ಸತ್ತಿದೆ ಎಂದೂ ಹೇಳಲಾಗದು. 2024ರ ಜುಲೈನಲ್ಲಿ, ಪ್ರಾಥಮಿಕ ಚುನಾವಣೆಗಳನ್ನು ಗೆದ್ದಿದ್ದ ಅಧ್ಯಕ್ಷ ಜೋ ಬೈಡನ್ ಅವರು ಸ್ವಪಕ್ಷದ ನಾಯಕರ ಒತ್ತಡಕ್ಕೆ ಮಣಿದು ಕಣದಿಂದ ಹಿಂದೆ ಸರಿದರು, ಕಮಲಾ ಹ್ಯಾರಿಸ್ ಪಕ್ಷದ ಪ್ರತಿನಿಧಿಗಳ ಮತದಿಂದಲೇ ಅಭ್ಯರ್ಥಿಯಾದರು. ಆದರೆ ಆ ಒತ್ತಡ ಫಲಿಸಿದ್ದು ಬೈಡನ್ ಒಪ್ಪಿದ್ದರಿಂದ. ಅವರು ಒಪ್ಪದಿದ್ದರೆ ಅವರನ್ನು ಕೆಳಗಿಳಿಸುವ ಸುಲಭದ ದಾರಿ ಪಕ್ಷಕ್ಕೆ ಇರಲಿಲ್ಲ.

ಟಿಕೆಟ್ ಕೊಡಲಾಗದ ಪಕ್ಷ ಗೆದ್ದವರನ್ನು ಹದ್ದುಬಸ್ತಿನಲ್ಲಿಡುವುದೂ ಕಷ್ಟ. ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮಲ್ಲಿ ಆ ಹೆಸರಿನ ಪಕ್ಷವಿರುವುದರಿಂದ ಓದುಗರು ಗೊಂದಲಕ್ಕೆ ಬೀಳಬಾರದು. ಅದಕ್ಕೆ ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳು. ಎರಡರಲ್ಲೂ ವಿಪ್ ಎಂಬ ಹುದ್ದೆ ಇದೆ, ಆದರೆ ವಿಪ್ ಉಲ್ಲಂಘಿಸಿದವರ ಸದಸ್ಯತ್ವ ರದ್ದಾಗುವಂಥ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. 2017ರ ಜುಲೈ 28ರ ನಸುಕಿನಲ್ಲಿ, ಒಬಾಮ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಿತ್ತುಹಾಕುವ ಮಸೂದೆ ಸೆನೆಟ್‌ನಲ್ಲಿ ಮತಕ್ಕೆ ಬಂದಿತ್ತು. ಮಿದುಳಿನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಸಭಾಂಗಣದ ಮುಂಭಾಗಕ್ಕೆ ನಡೆದು ಬಂದು, ತಮ್ಮ ನಾಯಕರೆಲ್ಲ ನೋಡುತ್ತಿದ್ದಂತೆಯೇ ಹೆಬ್ಬೆರಳನ್ನು ಕೆಳಮುಖ ಮಾಡಿ ವಿರುದ್ಧ ಮತ ಚಲಾಯಿಸಿದರು. ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ ಕೂಡ ಪಕ್ಷದ ವಿರುದ್ಧ ನಿಂತಿದ್ದರಿಂದ ಮಸೂದೆ 49-51ರಲ್ಲಿ ಬಿದ್ದುಹೋಯಿತು. ಮೂವರೂ ಸೆನೆಟರ್‌ಗಳಾಗಿಯೇ, ರಿಪಬ್ಲಿಕನ್ನರಾಗಿಯೇ ಮುಂದುವರಿದರು.

ಹಾಗಾದರೆ ಪಕ್ಷಕ್ಕೆ ಅಲ್ಲಿ ಇರುವ ಕೆಲಸವೇನು? ಅದರ ನಿಜವಾದ ಅಧಿಕಾರ ಸದನದ ಕಾರ್ಯಸೂಚಿಯಲ್ಲಿದೆ. ಪ್ರತಿನಿಧಿ ಸಭೆಯಲ್ಲಿ ಬಹುಮತ ಪಡೆದ ಪಕ್ಷ ಸ್ಪೀಕರ್ ಸ್ಥಾನವನ್ನು ಪಡೆಯುತ್ತದೆ, ಎಲ್ಲ ಸಮಿತಿಗಳ ಅಧ್ಯಕ್ಷರೂ ಅದೇ ಪಕ್ಷದವರು, ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಸಮಿತಿಯ ಕಪಾಟಿನಲ್ಲೇ ಉಳಿಯಬೇಕು ಎಂಬುದು ಅವರ ನಿರ್ಧಾರ. ಅಲ್ಲಿನ ಸ್ಪೀಕರ್ ನಮ್ಮ ಸ್ಪೀಕರ್‌ರಂತೆ ಪಕ್ಷಾತೀತವಾಗಿ ನಡೆದುಕೊಳ್ಳಬೇಕೆಂಬ ನಿರೀಕ್ಷೆಯೂ ಇಲ್ಲ, ಅವರು ಬಹುಮತದ ಪಕ್ಷದ ನಾಯಕರು. ಸೆನೆಟ್‌ನಲ್ಲಿ ಆ ಪಾತ್ರ ಬಹುಮತದ ನಾಯಕನದ್ದು. 2016ರಲ್ಲಿ ಒಬಾಮ ಸುಪ್ರೀಂ ಕೋರ್ಟ್‌ಗೆ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರ ನೇಮಕವನ್ನು ಆಗ ಬಹುಮತದ ನಾಯಕರಾಗಿದ್ದ ರಿಪಬ್ಲಿಕನ್ ಮಿಚ್ ಮೆಕಾನಲ್ ವಿಚಾರಣೆಗೂ ಎತ್ತಿಕೊಳ್ಳದೆ ವರ್ಷಪೂರ್ತಿ ಹಾಗೇ ಬಿಟ್ಟರು. ಆ ಸ್ಥಾನ ಮುಂದಿನ ಅಧ್ಯಕ್ಷರ ಪಾಲಾಯಿತು. ಈ ಅಧಿಕಾರಕ್ಕೂ ಒಳಗಿನಿಂದಲೇ ಅಪಾಯವಿದೆ ಎಂಬುದನ್ನು ಕೆವಿನ್ ಮೆಕಾರ್ತಿ ಅನುಭವಿಸಿದರು: 2023ರ ಜನವರಿಯಲ್ಲಿ 15 ಸುತ್ತಿನ ಮತದಾನದ ನಂತರ ಸ್ಪೀಕರ್ ಆದ ಅವರನ್ನು, ಅದೇ ವರ್ಷದ ಅಕ್ಟೋಬರ್ 3ರಂದು ಅವರದೇ ಪಕ್ಷದ ಎಂಟು ಸದಸ್ಯರು ಡೆಮಾಕ್ರಟರ ಜೊತೆ ಮತ ಹಾಕಿ 216-210ರಿಂದ ಕೆಳಗಿಳಿಸಿದರು.

ಮೂರನೆಯ ಪಕ್ಷ ಏಕಿಲ್ಲ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಲಿಬರ್ಟೇರಿಯನ್, ಗ್ರೀನ್ ಮೊದಲಾದ ಪಕ್ಷಗಳಿವೆ, ಗೆಲುವಿಲ್ಲ. ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಪದ್ಧತಿ ನಮ್ಮಲ್ಲೂ ಇದೆ, ನಮ್ಮಲ್ಲಿ ಪಕ್ಷಗಳಿಗೆ ಬರವಿಲ್ಲ. ಆದ್ದರಿಂದ ಅದೊಂದೇ ಕಾರಣವೆಂದರೆ ಸಾಲದು. ಅಧ್ಯಕ್ಷ ಚುನಾವಣೆಯ ವಿಧಾನ ಅದಕ್ಕೆ ಸೇರಿಕೊಳ್ಳುತ್ತದೆ. ಗೆಲ್ಲಲು, ರಾಜ್ಯವಾರು ಹಂಚಿಕೆಯಾದ ಒಟ್ಟು 538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು, ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಮುಂದಿರುವವರಿಗೆ ಆ ರಾಜ್ಯದ ಅಷ್ಟೂ ಮತ ಸಲ್ಲುತ್ತದೆ. 1992ರಲ್ಲಿ ರಾಸ್ ಪೆರೊ ಎಂಬ ಉದ್ಯಮಿ ಪಕ್ಷೇತರರಾಗಿ ನಿಂತು ದೇಶದಾದ್ಯಂತ ಶೇ 19ರ ಹತ್ತಿರ ಮತ ಪಡೆದರು. ಅವರಿಗೆ ದಕ್ಕಿದ ಎಲೆಕ್ಟೋರಲ್ ಮತ ಸೊನ್ನೆ. 2000ದಲ್ಲಿ ಫ್ಲಾರಿಡಾವನ್ನು, ಆ ಮೂಲಕ ದೇಶವನ್ನು, ಜಾರ್ಜ್ ಬುಷ್ 537 ಮತಗಳಿಂದ ಗೆದ್ದಾಗ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಆ ಒಂದೇ ರಾಜ್ಯದಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಆ ಲೆಕ್ಕ ನೆನಪಿರುವ ಮತದಾರ ಮೂರನೆಯವರಿಗೆ ಮತ ಹಾಕಲು ಹಿಂಜರಿಯುತ್ತಾನೆ. ಪ್ರಾಥಮಿಕ ಚುನಾವಣೆಯ ಬಾಗಿಲು ತೆರೆದೇ ಇರುವಾಗ ಹೊಸ ಪಕ್ಷ ಕಟ್ಟುವ ಶ್ರಮವೂ ಯಾರಿಗೂ ಬೇಕಿಲ್ಲ, ಈ ಕಾರಣವೇ ಎಲ್ಲಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ.

ಇನ್ನು ಎರಡರ ನಡುವಿನ ಭಿನ್ನತೆ. ಡೆಮಾಕ್ರಟರು ಎಡ, ರಿಪಬ್ಲಿಕನ್ನರು ಬಲ ಎಂದು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಇಂದಿನ ಮಟ್ಟಿಗೆ ಅದು ತಪ್ಪಲ್ಲವಾದರೂ, ಅದನ್ನೇ ಹಿಡಿದುಕೊಂಡು ಹಿಂದಕ್ಕೆ ಹೋದರೆ ಏನೂ ಅರ್ಥವಾಗುವುದಿಲ್ಲ. ರಿಪಬ್ಲಿಕನ್ ಪಕ್ಷ 1854ರಲ್ಲಿ ಹುಟ್ಟಿದ್ದೇ ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದೆಂಬ ಹೋರಾಟದಿಂದ. ಲಿಂಕನ್ ಆ ಪಕ್ಷದ ಮೊದಲ ಅಧ್ಯಕ್ಷ. ಅದಕ್ಕಿಂತ ಹಳೆಯದಾದ, ಆಂಡ್ರ್ಯೂ ಜಾಕ್ಸನ್ ಸುತ್ತ ಬೆಳೆದ ಡೆಮಾಕ್ರಟಿಕ್ ಪಕ್ಷಕ್ಕೆ ದಕ್ಷಿಣದ ಬಿಳಿಯ ಜಮೀನ್ದಾರರೇ ಬೆನ್ನೆಲುಬು, ಅಂತರ್ಯುದ್ಧ ಮುಗಿದ ಮೇಲೂ ದಕ್ಷಿಣದ ರಾಜ್ಯಗಳು ಬಹುಕಾಲ ಅದರ ಕೋಟೆಯಾಗಿದ್ದವು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರಿ ಉದ್ಯೋಗ, ಪಿಂಚಣಿ, ಕಾರ್ಮಿಕ ಸಂಘದ ಹಕ್ಕುಗಳನ್ನು ತಂದಾಗ ನಗರದ ಕಾರ್ಮಿಕರೂ ಉತ್ತರದ ಕಪ್ಪು ಮತದಾರರೂ ಡೆಮಾಕ್ರಟರ ಕಡೆ ಬಂದರು. ಹೀಗೆ ಒಂದೇ ಪಕ್ಷದೊಳಗೆ ಕಪ್ಪು ಕಾರ್ಮಿಕರೂ ವರ್ಣಭೇದವನ್ನು ಎತ್ತಿಹಿಡಿಯುವ ಬಿಳಿಯರೂ ಮೂರು ದಶಕ ಒಟ್ಟಿಗಿದ್ದರು.

ಆ ಕೂಡಾವಳಿ ಒಡೆದದ್ದು 1964ರಲ್ಲಿ, ಡೆಮಾಕ್ರಟ್ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದಾಗ. ಸೆನೆಟ್‌ನ ಲೆಕ್ಕ ನೋಡಿದರೆ ಆ ಕಾಲದ ಪಕ್ಷಗಳ ಸ್ವರೂಪ ಕಣ್ಣಿಗೆ ಕಟ್ಟುತ್ತದೆ. 33 ರಿಪಬ್ಲಿಕನ್ನರಲ್ಲಿ 27 ಮಂದಿ ಕಾಯ್ದೆಯ ಪರ. 67 ಡೆಮಾಕ್ರಟರಲ್ಲಿ 46 ಮಂದಿ ಪರ, 21 ಮಂದಿ ವಿರುದ್ಧ. ವಿರೋಧಿಸಿದ ಆರು ರಿಪಬ್ಲಿಕನ್ನರಲ್ಲಿ ಒಬ್ಬರಾದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ಅಧ್ಯಕ್ಷ ಹುದ್ದೆಗೆ ನಿಂತು ಹೀನಾಯವಾಗಿ ಸೋತರು. ಗೆದ್ದದ್ದು ಸ್ವಂತ ರಾಜ್ಯ ಅರಿಜೋನ ಮತ್ತು ದಕ್ಷಿಣದ ಐದು ರಾಜ್ಯಗಳು. ಕಪ್ಪು ಜನರಿಗೆ ಮತಗಟ್ಟೆಯ ಬಾಗಿಲೇ ಮುಚ್ಚಿದ್ದ ಮಿಸಿಸಿಪ್ಪಿಯಲ್ಲಿ ಅವರಿಗೆ ಶೇ 87 ಮತ ಬಂತು. ಮುಂದಿನ ಮೂರು ದಶಕಗಳಲ್ಲಿ ದಕ್ಷಿಣದ ಬಿಳಿಯರು ರಿಪಬ್ಲಿಕನ್ ಆದರು, ಈಶಾನ್ಯದ ಉದಾರವಾದಿ ರಿಪಬ್ಲಿಕನ್ನರು ಕರಗಿಹೋದರು. ಲಿಂಕನ್‌ನ ಪಕ್ಷ ಎಂದು ಇಂದಿಗೂ ಹೇಳಿಕೊಳ್ಳುವವರೂ, ಗುಲಾಮಗಿರಿಯ ಪಕ್ಷ ಎಂದು ಡೆಮಾಕ್ರಟರನ್ನು ಇಂದಿಗೂ ಹೀಯಾಳಿಸುವವರೂ ಈ ಮೂವತ್ತು ವರ್ಷಗಳನ್ನು ಬಿಟ್ಟು ಮಾತಾಡುತ್ತಿರುತ್ತಾರೆ.

ಪಕ್ಷಗಳ ನಿಲುವುಗಳು ಬದಲಾಗುವುದು ಅವುಗಳ ಜನ ಬದಲಾದಾಗ. ಇಂದು ದೊಡ್ಡ ನಗರಗಳು, ಕಪ್ಪು ಸಮುದಾಯದ ಬಹುಪಾಲು, ಪದವೀಧರರಲ್ಲಿ ಹೆಚ್ಚಿನವರು ಡೆಮಾಕ್ರಟರ ಕಡೆ; ಹಳ್ಳಿ ಮತ್ತು ಸಣ್ಣ ಊರುಗಳು, ಶ್ರದ್ಧಾವಂತ ಕ್ರೈಸ್ತರಾದ ಬಿಳಿಯರು, ಕಾಲೇಜಿಗೆ ಹೋಗದ ಬಿಳಿಯ ಕಾರ್ಮಿಕರು ರಿಪಬ್ಲಿಕನ್ನರ ಕಡೆ. ವ್ಯಾಪಾರದ ವಿಷಯದಲ್ಲಿ ಆದ ಪಲ್ಲಟ ಇದಕ್ಕೆ ತಕ್ಕ ನಿದರ್ಶನ. 1993ರಲ್ಲಿ ಕೆನಡಾ, ಮೆಕ್ಸಿಕೊ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಪ್ರತಿನಿಧಿ ಸಭೆಯಲ್ಲಿ 132 ರಿಪಬ್ಲಿಕನ್ನರು ಕೈ ಎತ್ತಿದರೆ, ಒಪ್ಪಂದ ತಂದ ಕ್ಲಿಂಟನ್ ಅವರದೇ ಪಕ್ಷದಿಂದ ಬಂದದ್ದು 102 ಮತ. ಕಾರ್ಖಾನೆ ಮುಚ್ಚಿದ ಊರುಗಳ ಕಾರ್ಮಿಕರು ಪಕ್ಷ ಬದಲಿಸಿದ ಮೇಲೆ ಆಮದು ಸುಂಕ ರಿಪಬ್ಲಿಕನ್ ಅಧ್ಯಕ್ಷರ ಮುಖ್ಯ ಅಸ್ತ್ರವಾಯಿತು. ವಲಸೆಯ ವಿಷಯವೂ ಹಾಗೆಯೇ: 1986ರಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆಯಿಂದ, ದಾಖಲೆಯಿಲ್ಲದೆ ನೆಲೆಸಿದ್ದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ನೆಲೆ ಸಿಕ್ಕಿತ್ತು, ಇಂದಿನ ರಿಪಬ್ಲಿಕನ್ ಪಕ್ಷದಲ್ಲಿ ಅಂಥ ಮಾತೆತ್ತಿದವರು ಪ್ರಾಥಮಿಕ ಚುನಾವಣೆ ಗೆಲ್ಲುವುದು ಕಷ್ಟ.

ಬದಲಾಗದೆ ಉಳಿದ ಭಿನ್ನತೆಯೆಂದರೆ ಜನರ ಬದುಕಿನಲ್ಲಿ ಸರ್ಕಾರದ ಪಾಲೆಷ್ಟು ಎಂಬುದು. ರೂಸ್‌ವೆಲ್ಟ್ ಕಾಲದಿಂದ ಇಂದಿನವರೆಗೆ ಆ ಗೆರೆ ಬಹುತೇಕ ಅಲ್ಲೇ ಇದೆ. 2010ರ ಆರೋಗ್ಯ ವಿಮೆ ಕಾಯ್ದೆಗೆ ರಿಪಬ್ಲಿಕನ್ನರ ಒಂದು ಮತವೂ ಬೀಳಲಿಲ್ಲ. ಕಂಪನಿಗಳ ಆದಾಯ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿದ 2017ರ ಕಾಯ್ದೆಗೆ ಡೆಮಾಕ್ರಟರ ಒಂದು ಮತವೂ ಬೀಳಲಿಲ್ಲ. ಇದು ಸಿದ್ಧಾಂತದ ಜಗಳವಾಗಿ ಮಾತ್ರ ಉಳಿಯುವುದಿಲ್ಲ. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ಅಲ್ಪ ಆದಾಯದ ಎಲ್ಲ ವಯಸ್ಕರಿಗೂ ವಿಸ್ತರಿಸುವುದು 2010ರ ಕಾಯ್ದೆಯ ಉದ್ದೇಶವಾಗಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು, 40 ರಾಜ್ಯಗಳು ಒಪ್ಪಿಕೊಂಡವು, ರಿಪಬ್ಲಿಕನ್ನರ ಹಿಡಿತದಲ್ಲಿರುವ ಟೆಕ್ಸಾಸ್, ಫ್ಲಾರಿಡಾ ಮೊದಲಾದ ರಾಜ್ಯಗಳು ಒಪ್ಪಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ಮಕ್ಕಳಿಲ್ಲದ ಕೆಲಸಗಾರನೊಬ್ಬನಿಗೆ ಕಾಯಿಲೆ ಬಂದರೆ ಮಿಷಿಗನ್‌ನಲ್ಲಿ ಸರ್ಕಾರಿ ವಿಮೆ ಸಿಗುತ್ತದೆ, ಅದೇ ಸಂಬಳಕ್ಕೆ ದುಡಿಯುವವನಿಗೆ ಟೆಕ್ಸಾಸ್‌ನಲ್ಲಿ ಸಿಗುವುದಿಲ್ಲ. ಪಕ್ಷಗಳೆಲ್ಲ ಒಂದೇ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಇಬ್ಬರು ಕೆಲಸಗಾರರು ನೆನಪಾಗುತ್ತಾರೆ.

2025ರಲ್ಲಿ ಬಿಕ್ಕಟ್ಟು ಉಂಟಾದದ್ದೂ ಈ ಗೆರೆಯ ಮೇಲೆಯೇ. ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು ಸಾಮಾನ್ಯವಾಗಿ 100ರಲ್ಲಿ 60 ಮತ ಬೇಕು. ರಿಪಬ್ಲಿಕನ್ನರ ಬಳಿ ಇದ್ದದ್ದು 53. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸದೆ ಖರ್ಚಿನ ಮಸೂದೆಗೆ ಒಪ್ಪುವುದಿಲ್ಲವೆಂದು ಡೆಮಾಕ್ರಟರು ಪಟ್ಟು ಹಿಡಿದರು. ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಹಲವು ಕಚೇರಿಗಳು ಮುಚ್ಚಿದವು, ಲಕ್ಷಾಂತರ ನೌಕರರಿಗೆ ಸಂಬಳ ನಿಂತಿತು. ಕೊನೆಗೆ ಡೆಮಾಕ್ರಟರ ಬಣದ ಎಂಟು ಸೆನೆಟರ್‌ಗಳು ತಮ್ಮ ನಾಯಕನ ಮಾತು ಮೀರಿ ಅತ್ತ ಮತ ಹಾಕಿದ್ದರಿಂದ ಬಾಗಿಲು ತೆರೆಯಿತು. ಸಂಸದೀಯ ಪದ್ಧತಿಯಲ್ಲಾದರೆ ಬಹುಮತ ಕಳೆದುಕೊಂಡ ಸರ್ಕಾರ ಬೀಳುತ್ತದೆ. ಅಲ್ಲಿ ಸರ್ಕಾರ ಬೀಳುವ ವ್ಯವಸ್ಥೆ ಇಲ್ಲ. ನಾಲ್ಕು ವರ್ಷಕ್ಕೆಂದು ಆಯ್ಕೆಯಾದ ಅಧ್ಯಕ್ಷ ಅಲ್ಲೇ ಇರುತ್ತಾರೆ. ವಿರೋಧ ಪಕ್ಷದ ಕೆಲವರನ್ನಾದರೂ ಒಲಿಸಿಕೊಂಡೇ ಆಡಳಿತ ನಡೆಯಬೇಕೆಂಬ ನಂಬಿಕೆಯ ಮೇಲೆ ಕಟ್ಟಿದ ಮನೆ ಅದು. ಹಾಗೆ ಒಲಿಯುವ ಪ್ರತಿನಿಧಿಗಳಿಗೆ ಪ್ರಾಥಮಿಕ ಚುನಾವಣೆಯಲ್ಲಿ ಶಿಕ್ಷೆಯಾಗುವ ಭಯವಿದೆ. ನವೆಂಬರ್‌ನಲ್ಲಿ ಸೋಲುವ ಆತಂಕವಿಲ್ಲದ ಸುರಕ್ಷಿತ ಕ್ಷೇತ್ರಗಳೇ ಹೆಚ್ಚಾಗಿರುವಾಗ, ಪ್ರತಿನಿಧಿ ಹೆದರುವುದು ಪ್ರಾಥಮಿಕ ಚುನಾವಣೆಗೆ ಬರುವ ಕೆಲವೇ ಉತ್ಸಾಹಿ ಮತದಾರರಿಗೆ. ಪಕ್ಷದ ಸಂಘಟನೆ ದುರ್ಬಲವಾಗಿದ್ದೂ ಪಕ್ಷದ ಮೇಲಿನ ಆವೇಶ ಇಷ್ಟು ಪ್ರಬಲವಾಗಿರುವುದರ ಗುಟ್ಟು ಇಲ್ಲಿದೆ.

ಆ ಆವೇಶ ಇಡೀ ಜನತೆಯದ್ದಲ್ಲ. ಸಮೀಕ್ಷೆಗಳಲ್ಲಿ ಶೇ 40ಕ್ಕೂ ಹೆಚ್ಚು ಅಮೆರಿಕನ್ನರು ತಾವು ಯಾವ ಪಕ್ಷಕ್ಕೂ ಸೇರಿದವರಲ್ಲವೆಂದು ಹೇಳಿಕೊಳ್ಳುತ್ತಾರೆ, ಅವರಲ್ಲಿ ಬಹುತೇಕರು ಒಂದು ಕಡೆಗೆ ವಾಲಿದವರೇ ಆದರೂ ಆ ಹೆಸರು ಅವರಿಗೆ ಬೇಡ. ಮಿಸೌರಿ, ಒಕ್ಲಹೋಮಾದಂಥ ರಿಪಬ್ಲಿಕನ್ ಒಲವಿನ ರಾಜ್ಯಗಳಲ್ಲಿ ಶಾಸಕರು ನಿರಾಕರಿಸಿದ್ದ ಮೆಡಿಕೇಡ್ ವಿಸ್ತರಣೆಗೆ ಜನರು ನೇರ ಮತದಾನದಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಡೆಟ್ರಾಯಿಟ್‌ನಲ್ಲಿ ಥಾಣೇದಾರ್ ಗೆದ್ದ ಅದೇ ದಿನ, 2022ರ ಆಗಸ್ಟ್ 2ರಂದು, ಕಾನ್ಸಾಸ್ ರಾಜ್ಯದಲ್ಲೂ ಪ್ರಾಥಮಿಕ ಚುನಾವಣೆಯಿತ್ತು. ಗರ್ಭಪಾತದ ಹಕ್ಕು ಸಂವಿಧಾನದಲ್ಲಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತು ಆರು ವಾರವೂ ಆಗಿರಲಿಲ್ಲ. ರಾಜ್ಯದ ಸಂವಿಧಾನದಿಂದಲೂ ಆ ಹಕ್ಕನ್ನು ತೆಗೆಯಬೇಕೇ ಎಂಬ ಪ್ರಶ್ನೆ ಮತಪತ್ರದಲ್ಲಿತ್ತು. ಎರಡು ವರ್ಷ ಹಿಂದೆ ಟ್ರಂಪ್‌ಗೆ ಶೇ 56 ಮತ ಕೊಟ್ಟಿದ್ದ ರಾಜ್ಯವದು. ಯಾವ ಪಕ್ಷಕ್ಕೂ ಹೆಸರು ಕೊಡದವರಿಗೆ ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಮತಗಟ್ಟೆಯಲ್ಲಿ ಕೆಲಸವಿರುವುದಿಲ್ಲ. ಅಂದು ಅವರೂ ಬಂದು, ಅಭ್ಯರ್ಥಿಗಳ ಹೆಸರಿಲ್ಲದೆ ಆ ಪ್ರಶ್ನೆಯಿದ್ದ ಹಾಳೆಯನ್ನು ಪಡೆದು ಗುರುತು ಹಾಕಿದರು. ಶೇ 59ರಷ್ಟು ಜನ ಬೇಡ ಎಂದಿದ್ದರು.